ಪತ್ರಪುಟದಲ್ಲಿ ಪ್ರವಾಹಪಾಠದ ವಿನ್ಯಾಸ: ಗಣಕದ ಕ್ರಮವಿಧಿಯೂ ಕನ್ನಡದ ಅಕ್ಷರವೂ

೧. ವಿಷಯಪ್ರವೇಶ

ಒಂದು ಪಾಠವನ್ನು ಪುಟದ ಮೇಲೆ ಬೇಕಾದ ಸ್ಥಳದಲ್ಲಿ, ಬೇಕಾದ ಗಾತ್ರ ವರ್ಣ ದಪ್ಪಗಳೊಡನೆ, ಪಂಕ್ತಿಯಿಂದ ಪಂಕ್ತಿಗೂ ಪುಟದಿಂದ ಪುಟಕ್ಕೂ ಹರಿದು ಹೋಗುವಂತೆ ಇರಿಸುವ ಕೆಲಸವು ಹಿಂದೆ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರ ಕೈಯಲ್ಲಿದ್ದಿತು. ಈಗ ಆ ಕೆಲಸದ ಬಹುಭಾಗವನ್ನು ಗಣಕವು ಮನುಷ್ಯನ ಕಣ್ಣು ಬೀಳದೆಯೇ ನಡೆಸುತ್ತಿದೆ. ಪಹಣಿ, ಜಾತಿಪ್ರಮಾಣಪತ್ರ, ವಿದ್ಯುಚ್ಛಕ್ತಿಯ ಲೆಕ್ಕಪಟ್ಟಿ, ಪರೀಕ್ಷೆಯ ಅಂಕಪಟ್ಟಿ, ದೇವಸ್ಥಾನದ ಸೇವಾರಸೀತಿ ಇವುಗಳೊಂದೊಂದನ್ನೂ ಯಾರೂ ಕುಳಿತು ಜೋಡಿಸುವುದಿಲ್ಲ. ಒಮ್ಮೆ ಬರೆದಿಟ್ಟ ಕ್ರಮವಿಧಿಯು, ಅಂದರೆ ಪ್ರೋಗ್ರಾಮು, ಹೆಸರು ಊರುಗಳನ್ನು ಪಟ್ಟಿಯಿಂದ ತೆಗೆದುಕೊಂಡು ಸಾವಿರಾರು ಪುಟಗಳನ್ನು ತಾನೇ ತುಂಬುತ್ತದೆ.

ಇಂಗ್ಲಿಷಿನಲ್ಲಿ ಈ ಕೆಲಸವು ಬಹುಮಟ್ಟಿಗೆ ನಿರಾಯಾಸವಾಗಿ ನಡೆಯುತ್ತದೆ. ಅದೇ ಕ್ರಮವಿಧಿಗೆ ಕನ್ನಡದ ಪಾಠವನ್ನು ಕೊಟ್ಟಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ, ಅರ್ಕಾವೊತ್ತು ಸ್ಥಳ ತಪ್ಪಿ, ಅಕ್ಷರಗಳಿರಬೇಕಾದ ಕಡೆ ಬರಿಯ ಚೌಕಗಳು ನಿಂತ ಪುಟಗಳು ಹೊರಬೀಳುವುದುಂಟು. ಇದಕ್ಕೆ ಕನ್ನಡ ಲಿಪಿಯ ಜಟಿಲತೆಯೇ ಕಾರಣವೆಂದು ಕೆಲವರು ಹೇಳುವರು. ಆದರೆ ವಿಚಾರಿಸಿ ನೋಡಿದರೆ ದೋಷವು ಲಿಪಿಯದಲ್ಲ. ಯಾವುದನ್ನು ಒಂದು ಘಟಕವೆಂದು ಎಣಿಸಬೇಕೋ ಅದನ್ನು ಬಿಟ್ಟು ಬೇರೊಂದನ್ನು ಎಣಿಸಿದ್ದರಿಂದಲೇ ಈ ವಿಕಾರಗಳೆಲ್ಲವೂ ಹುಟ್ಟುತ್ತವೆ. ಅಳೆಯುವುದಾಗಲಿ, ಕಡಿಯುವುದಾಗಲಿ, ಬಣ್ಣ ಹಾಕುವುದಾಗಲಿ, ಮರಳಿ ಓದುವುದಾಗಲಿ, ಕನ್ನಡದಲ್ಲಿ ಅದರ ಘಟಕವು ಅಕ್ಷರವೇ ಆಗಿರತಕ್ಕದ್ದೆಂಬುದನ್ನು ಪ್ರಕೃತ ಲೇಖನದಲ್ಲಿ ಪ್ರತಿಪಾದಿಸಲು ಉದ್ದೇಶಿಸಿದ್ದೇನೆ.

ನಿದರ್ಶನಕ್ಕಾಗಿ ರಾಮನಗರ ಚನ್ನಪಟ್ಟಣಗಳ ನಡುವೆ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಕೆಂಗಲ್ ಎಂಬ ಕ್ಷೇತ್ರದ ಹೆಸರನ್ನೇ ತೆಗೆದುಕೊಳ್ಳುತ್ತೇನೆ. ಅಲ್ಲಿಯ ಆಂಜನೇಯನ ಮೂರ್ತಿ ಕೆಂಪು ಕಲ್ಲಿನದಾದುದರಿಂದ ಈ ಹೆಸರು ಬಂದಿತೆಂದು ಪ್ರತೀತಿ. ‘ಕೆಂ’ ಎಂಬುದರ ಮುಂದೆ ‘ಕಲ್’ ಬಂದು, ಕಕಾರಕ್ಕೆ ಗಕಾರವು ಆದೇಶವಾಗಿ, ‘ಕೆಂಗಲ್’ ಎಂದಾಗಿದೆ. ಮೂರೇ ಅಕ್ಷರಗಳ ಈ ಸಣ್ಣ ಹೆಸರಿನಲ್ಲಿ ನಮಗೆ ಬೇಕಾದ ತೊಡಕುಗಳು ಬಹುಮಟ್ಟಿಗೆ ಅಡಗಿವೆ.

೨. ಪುಟ, ಚೌಕಟ್ಟು, ಪ್ರವಾಹ

ಮೊದಲು ಪುಟದ ಸ್ವರೂಪವನ್ನು ತಿಳಿಯಬೇಕು. ಈಗ ಎಲ್ಲೆಡೆಯೂ ರೂಢಿಯಲ್ಲಿರುವ ಪತ್ರರೂಪವು ಪಿಡಿಎಫ್ ಎಂಬುದು. ಇದನ್ನು ಅಡೋಬಿ ಸಂಸ್ಥೆಯವರು ೧೯೯೩ರಲ್ಲಿ ಪ್ರಕಟಿಸಿದರು. ೨೦೦೮ರಲ್ಲಿ ಇದು ಅಂತಾರಾಷ್ಟ್ರೀಯ ಮಾನಕವಾಯಿತು. ಈ ಪತ್ರದಲ್ಲಿ ಪುಟವೆಂಬುದು ಒಂದು ಕ್ಷೇತ್ರಗಣಿತದ ಆಯತ. ಅದರ ಮೂಲಬಿಂದು ಕೆಳಗಿನ ಎಡಮೂಲೆಯಲ್ಲಿದೆ. ಅಳತೆಯ ಮಾನವು ಒಂದು ಅಂಗುಲದ ೭೨ನೆಯ ಒಂದು ಭಾಗ, ಇದಕ್ಕೆ ಪಾಯಿಂಟ್ ಎಂದು ಹೆಸರು. ಎ೪ ಎಂಬ ಕಾಗದದ ಅಗಲವು ಸುಮಾರು ೫೯೫ ಪಾಯಿಂಟ್, ಎತ್ತರ ಸುಮಾರು ೮೪೨ ಪಾಯಿಂಟ್. ನಾಲ್ಕೂ ಕಡೆ ಒಂದೊಂದು ಅಂಗುಲದ ಅಂಚನ್ನು ಬಿಟ್ಟರೆ ಪಾಠಕ್ಕೆ ಉಳಿಯುವ ಚೌಕಟ್ಟು ೪೫೧ ಪಾಯಿಂಟ್ ಅಗಲ, ೬೯೮ ಪಾಯಿಂಟ್ ಎತ್ತರ. ಪಂಕ್ತಿಗೆ ೧೮ ಪಾಯಿಂಟಿನಂತೆ ಎಣಿಸಿದರೆ ಅದರಲ್ಲಿ ೩೮ ಪಂಕ್ತಿಗಳು ಹಿಡಿಯುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪಿಡಿಎಫ್ ಪುಟದ ಚಿತ್ರಣದಲ್ಲಿ ವಾಕ್ಯವೆಂಬುದಾಗಲಿ ಪಂಕ್ತಿಯೆಂಬುದಾಗಲಿ ಸ್ವಭಾವತಃ ಇಲ್ಲ. ‘ಇಂಥ ಫಾಂಟಿನ ಇಂಥ ಸಂಖ್ಯೆಯ ಆಕೃತಿಯನ್ನು ಇಂಥ ಬಿಂದುವಿನಲ್ಲಿಡು’ ಎಂಬ ಆಜ್ಞೆಗಳ ಸಾಲೇ ಅದರ ಒಡಲು. ಆದುದರಿಂದ ಪಾಠವು ಹರಿಯಬೇಕಾದರೆ, ಹರಿಸುವ ಹೊಣೆಯು ಪತ್ರವನ್ನು ರಚಿಸುವ ಕ್ರಮವಿಧಿಯದೇ ಆಗಿರುತ್ತದೆ. ಅದು ಪಾಠವನ್ನು ಅಳೆಯಬೇಕು, ಚೌಕಟ್ಟಿನ ಅಗಲಕ್ಕೆ ತಕ್ಕಂತೆ ಪಂಕ್ತಿಗಳಾಗಿ ಕಡಿಯಬೇಕು, ಪ್ರತಿ ಪಂಕ್ತಿಗೂ ಸ್ಥಾನವನ್ನು ಗೊತ್ತುಪಡಿಸಬೇಕು, ಚೌಕಟ್ಟು ತುಂಬಿದರೆ ಉಳಿದುದನ್ನು ಮುಂದಿನ ಪುಟಕ್ಕೆ ಒಯ್ಯಬೇಕು.

ಈ ಕಾರ್ಯಕ್ಕೆ ಸಿದ್ಧವಾದ ಉಪಕರಣಗಳುಂಟು. ಪೈಥಾನ್ ಭಾಷೆಯ ರಿಪೋರ್ಟ್‌ಲ್ಯಾಬ್ ಎಂಬುದರಲ್ಲಿ ಪ್ಯಾರಾಗ್ರಾಫು ಒಂದು ಹರಿಯುವ ವಸ್ತು, ಫ್ರೇಮು ಅದನ್ನು ತುಂಬಿಕೊಳ್ಳುವ ಪಾತ್ರೆ; ಪಾತ್ರೆಯಲ್ಲಿ ಹಿಡಿಸದ ಭಾಗವು ಮುಂದಿನ ಪಾತ್ರೆಗೆ ಹೋಗುತ್ತದೆ. ಪೈಮ್ಯೂಪಿಡಿಎಫ್ ಎಂಬುದರಲ್ಲಿ ಪುಟದ ಮೇಲೆ ಒಂದು ಆಯತವನ್ನು ಗುರುತಿಸಿ, ಜಾಲಪುಟಗಳಲ್ಲಿ ಬಳಸುವ ಎಚ್‌ಟಿಎಂಎಲ್ ರೂಪದಲ್ಲಿ ಶೈಲಿಸಹಿತವಾದ ಪಾಠವನ್ನು ಕೊಟ್ಟರೆ ಅದು ಆ ಆಯತದೊಳಗೆ ಪಾಠವನ್ನು ಹರಿಸುತ್ತದೆ. ಪಾಠವು ಹಿಡಿಸದಿದ್ದರೆ, ಬೇಡವೆಂದು ನಾವು ಹೇಳದ ಪಕ್ಷದಲ್ಲಿ, ಹಿಡಿಸುವವರೆಗೆ ಅದನ್ನು ಕುಗ್ಗಿಸುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು; ವೃದ್ಧರು ಓದಬೇಕಾದ ಪತ್ರದಲ್ಲಿ ಒತ್ತಕ್ಷರಗಳು ಚುಕ್ಕೆಗಳಾಗುವಷ್ಟು ಕುಗ್ಗಿದರೂ ಉಪಕರಣವು ದೂರು ಹೇಳುವುದಿಲ್ಲ. ಆದುದರಿಂದ ಕುಗ್ಗುವಿಕೆಗೆ ಒಂದು ಮಿತಿಯನ್ನು ಮೊದಲೇ ವಿಧಿಸತಕ್ಕದ್ದು.

ಪಂಕ್ತಿಗಳ ಅಂತರದಲ್ಲಿಯೂ ಕನ್ನಡಕ್ಕೆ ಪ್ರತ್ಯೇಕವಾದ ಅಗತ್ಯವಿದೆ. ನಮ್ಮ ಗುಣಿತದ ಚಿಹ್ನೆಗಳಲ್ಲಿ ಕೆಲವು ಮೇಲಕ್ಕೆ ಏರುತ್ತವೆ. ಒತ್ತುಗಳು ಕೆಳಕ್ಕೆ ಇಳಿಯುತ್ತವೆ. ‘ರಾಷ್ಟ್ರ’ ಎಂಬಲ್ಲಿ ಎರಡು ಒತ್ತುಗಳು ಒಂದೇ ಅಕ್ಷರಕ್ಕೆ ಸೇರಿವೆ. ಇಂಗ್ಲಿಷಿನ ಫಾಂಟನ್ನು ಮನಸ್ಸಿನಲ್ಲಿಟ್ಟು ಗೊತ್ತುಮಾಡಿದ ಅಂತರವನ್ನೇ ಇಲ್ಲಿ ಬಳಸಿದರೆ ಮೇಲಿನ ಪಂಕ್ತಿಯ ಒತ್ತು ಕೆಳಗಿನ ಪಂಕ್ತಿಯ ತಲೆಕಟ್ಟಿಗೆ ತಗಲುವುದು. ೧೨ ಪಾಯಿಂಟಿನ ಅಕ್ಷರಕ್ಕೆ ೧೮ ಪಾಯಿಂಟಿನ ಪಂಕ್ತಿಯನ್ನು ಮೇಲೆ ಹೇಳಿದ್ದು ಇದೇ ಕಾರಣದಿಂದ.

೩. ಸಂಕೇತ, ಅಕ್ಷರ, ಆಕೃತಿ

ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆಂಬುದು ಸರ್ವವಿದಿತ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದ ಮೊದಲನೆಯ ಆವೃತ್ತಿಯಲ್ಲಿಯೇ, ಭಾರತದಲ್ಲಿ ಅದಕ್ಕೆ ಮುಂಚೆ ಸಿದ್ಧವಾಗಿದ್ದ ಇಸ್ಕಿ ಎಂಬ ಕ್ರಮವನ್ನನುಸರಿಸಿ, ಕನ್ನಡಕ್ಕೆ ೧೨೮ ಸ್ಥಾನಗಳು ದೊರೆತವು. ದಶಮಾನದಲ್ಲಿ ಹೇಳುವುದಾದರೆ ೩೨೦೦ರಿಂದ ೩೩೨೭ರವರೆಗಿನ ಸಂಖ್ಯೆಗಳು ನಮ್ಮವು. ಈ ಕ್ರಮದಲ್ಲಿ ‘ಕೆಂಗಲ್’ ಎಂಬುದನ್ನು ಬರೆಯುವ ಬಗೆ ಹೀಗೆ: ಕ ೩೨೨೧, ಎಕಾರದ ಚಿಹ್ನೆ ೩೨೭೦, ಅನುಸ್ವಾರ ೩೨೦೨, ಗ ೩೨೨೩, ಲ ೩೨೫೦, ಹಲಂತಚಿಹ್ನೆ ೩೨೭೭. ಆದುದರಿಂದ ಬರೆಹದಲ್ಲಿ ಕೆಂ, ಗ, ಲ್ ಎಂದು ಮೂರು ಅಕ್ಷರಗಳಾಗಿ ಕಾಣುವ ಹೆಸರಿನಲ್ಲಿ ಸಂಕೇತಗಳು ಆರು. ಕಡತದಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-೮ ರೂಪದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಬೈಟುಗಳು ಹದಿನೆಂಟು. ‘ಹೆಸರಿನ ಅಂಕಣಕ್ಕೆ ಇಪ್ಪತ್ತು ಸ್ಥಾನ ಸಾಕು’ ಎಂದು ನಿಯಮಿಸುವವನು ಯಾವ ಸ್ಥಾನವೆಂಬುದನ್ನು ಹೇಳದಿದ್ದರೆ, ಇಪ್ಪತ್ತು ಅಕ್ಷರಗಳ ಬದಲು ಆರು ಸಂಕೇತಗಳಿಗೇ ಜಾಗ ತೀರಿಹೋದೀತು. ಅಲ್ಲಿ ಕತ್ತರಿಸಲ್ಪಡುವುದು ಒಬ್ಬ ಮನುಷ್ಯನ ಹೆಸರು.

ಸಂಕೇತಗಳು ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತವೆ. ಕಣ್ಣಿಗೆ ಕಾಣುವ ಆಕೃತಿಗಳು ಬೇರೊಂದು ಕ್ರಮವನ್ನು ಅನುಸರಿಸುತ್ತವೆ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಪ್ರಸಿದ್ಧವಾದ ‘ರೇಷ್ಮೆ’ ಎಂಬ ಶಬ್ದವನ್ನು ನೋಡಿರಿ. ಎರಡನೆಯ ಅಕ್ಷರದ ಸಂಕೇತಗಳು ಷ, ಹಲಂತಚಿಹ್ನೆ, ಮ, ಎಕಾರ ಎಂದು ಸಾಗುತ್ತವೆ. ಎಕಾರವನ್ನು ನಾವು ಉಚ್ಚರಿಸುವುದು ಮಕಾರದ ಮೇಲೆ. ಆದರೆ ಬರೆಯುವುದು ಷಕಾರದ ತಲೆಯ ಮೇಲೆ, ಮಕಾರವಾದರೋ ಒತ್ತಾಗಿ ಕೆಳಗೆ ನಿಲ್ಲುತ್ತದೆ. ಅದೇ ಪ್ರಾಂತದ ನದಿಯಾದ ‘ಅರ್ಕಾವತಿ’ಯ ಹೆಸರಿನಲ್ಲಿ ರೇಫವು ಮೊದಲು ಉಚ್ಚರಿತವಾಗಿ ಮೊದಲು ಸಂಕೇತಿತವಾಗುತ್ತದೆ, ಬರೆಹದಲ್ಲಿ ಮಾತ್ರ ಅರ್ಕಾವೊತ್ತಾಗಿ ‘ಕಾ’ ಎಂಬುದರ ಬಳಿಕ ಬರುತ್ತದೆ. ಸಂಕೇತಗಳನ್ನು ಬಂದ ಕ್ರಮದಲ್ಲಿಯೇ ಒಂದರ ಮುಂದೊಂದಾಗಿ ಇಡುವ ಕ್ರಮವಿಧಿಯು ಇಂಥಲ್ಲೆಲ್ಲ ತಪ್ಪಿಯೇ ತಪ್ಪುತ್ತದೆ.

ಸಂಕೇತಗಳ ಸಾಲನ್ನು ಆಕೃತಿಗಳ ಸಾಲಾಗಿ ಮಾರ್ಪಡಿಸುವುದಕ್ಕೆ ರೂಪಣವೆಂದು ಹೆಸರಿಡೋಣ. ೧೯೯೬ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಸಂಸ್ಥೆಗಳು ಪ್ರಕಟಿಸಿದ ಓಪನ್‌ಟೈಪ್ ಎಂಬ ಫಾಂಟ್‌ಪದ್ಧತಿಯಲ್ಲಿ ಇದರ ನಿಯಮಗಳು ಫಾಂಟಿನೊಳಗೇ ಇರುತ್ತವೆ. ಅವು ಎರಡು ವಿಧ: ಒಂದು ಆಕೃತಿಯ ಸ್ಥಾನದಲ್ಲಿ ಇನ್ನೊಂದನ್ನು ತರುವ ನಿಯಮಗಳು, ಮತ್ತು ಬಂದ ಆಕೃತಿಯನ್ನು ಮೇಲೆ ಕೆಳಗೆ ಅಕ್ಕಪಕ್ಕಕ್ಕೆ ಸರಿಸುವ ನಿಯಮಗಳು. ಪಾಠಶಾಲೆಯಲ್ಲಿ ವ್ಯಾಕರಣವನ್ನು ಅಭ್ಯಸಿಸಿದವರಿಗೆ ಮೊದಲನೆಯ ವಿಧವು ಅಪರಿಚಿತವಲ್ಲ. ಸ್ಥಾನಿ, ಆದೇಶ, ನಿಮಿತ್ತವೆಂಬ ಮೂರು ಇಲ್ಲಿಯೂ ಇವೆ. ಇಂಥದರ ಮುಂದೆ ಇಂಥದು ಪರವಾದಾಗ ಮಾತ್ರ ಆದೇಶವೆಂಬ ಕಟ್ಟೂ ಇದೆ. ಒಂದು ನಿಯಮದ ಫಲದ ಮೇಲೆ ಮುಂದಿನ ನಿಯಮವು ಪ್ರವರ್ತಿಸುವ ಪೌರ್ವಾಪರ್ಯವೂ ಇದೆ. ಈ ನಿಯಮಗಳನ್ನು ನಡೆಸುವ ಸಾಧನಗಳಲ್ಲಿ ಹಾರ್ಫ್‌ಬಜ್ ಎಂಬುದು ಅತ್ಯಂತ ವ್ಯಾಪಕವಾದುದು. ‘ತೆರೆದ ಅಕ್ಷರ’ವೆಂಬ ಅರ್ಥದ ಪಾರಸಿ ಶಬ್ದಗಳಿಂದ ಅದಕ್ಕೆ ಆ ಹೆಸರು ಬಂದಿದೆ.

ಇದರಿಂದ ಎರಡು ನಿಯಮಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಕನ್ನಡದ ಆಕೃತಿಗಳೂ ನಿಯಮಗಳೂ ಉಳ್ಳ ಫಾಂಟನ್ನು ಪತ್ರದೊಳಗೇ ಸೇರಿಸಬೇಕು. ಪಿಡಿಎಫ್ ಪದ್ಧತಿಯಲ್ಲಿ ಸ್ವತಃಸಿದ್ಧವೆಂದು ಎಣಿಸಲ್ಪಟ್ಟ ೧೪ ಫಾಂಟುಗಳಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಅವುಗಳನ್ನೇ ನಂಬಿದ ಕ್ರಮವಿಧಿಯಿಂದ ಕನ್ನಡವು ಪುಟದ ಮೇಲೆ ಬರಲಾರದು. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಮೊದಲಾದ ಫಾಂಟುಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಎರಡನೆಯದಾಗಿ, ಆರಿಸಿಕೊಂಡ ಉಪಕರಣವು ರೂಪಣವನ್ನು ಮಾಡುತ್ತದೆಯೇ ಎಂಬುದನ್ನು ಪರೀಕ್ಷಿಸಿ ತಿಳಿಯಬೇಕು. ಒಂದೇ ಉಪಕರಣದಲ್ಲಿ ಒಂದು ವಿಧಾನವು ರೂಪಣವನ್ನು ಮಾಡಿ ಇನ್ನೊಂದು ಮಾಡದಿರಬಹುದು. ಮೇಲೆ ಹೇಳಿದ ಪೈಮ್ಯೂಪಿಡಿಎಫ್‌ನಲ್ಲಿ ಎಚ್‌ಟಿಎಂಎಲ್ ಪಾಠವನ್ನು ಹರಿಸುವ ವಿಧಾನವು ಹಾರ್ಫ್‌ಬಜನ್ನು ಆಶ್ರಯಿಸಿದೆ. ಅದಕ್ಕೂ ಹಳೆಯದಾದ ಸರಳವಿಧಾನವು ಆಶ್ರಯಿಸಿಲ್ಲ.

೪. ಶೈಲಿಭೇದವೂ ಅಕ್ಷರದ ಅಖಂಡತೆಯೂ

ಪಾಠದ ಒಂದು ಭಾಗವನ್ನು ದಪ್ಪವಾಗಿ, ಇನ್ನೊಂದನ್ನು ಬೇರೆ ಬಣ್ಣದಲ್ಲಿ ತೋರಿಸುವುದು ಹೊಸ ಆಸೆಯೇನೂ ಅಲ್ಲ. ಕಾಗದದ ಹಸ್ತಪ್ರತಿಗಳಲ್ಲಿ ಸಮಾಪ್ತಿವಾಕ್ಯಕ್ಕೆ ಕೆಂಪು ಮಸಿಯನ್ನು ಬಳಸಿರುವುದುಂಟು. ಮೂಲವನ್ನು ದೊಡ್ಡ ಮೊಳೆಯಲ್ಲಿಯೂ ವ್ಯಾಖ್ಯಾನವನ್ನು ಸಣ್ಣ ಮೊಳೆಯಲ್ಲಿಯೂ ಅಚ್ಚುಹಾಕುವುದು ನಮ್ಮ ಗ್ರಂಥಸಂಪಾದನೆಯ ರೂಢಿ. ಕ್ರಮವಿಧಿಯಲ್ಲಿ ಈ ಭೇದವನ್ನು ಸೂಚಿಸುವುದಕ್ಕೆ ಪಾಠದ ನಡುವೆ ‘ಇಲ್ಲಿಂದ ದಪ್ಪ’, ‘ಇಲ್ಲಿಗೆ ದಪ್ಪ ಮುಗಿಯಿತು’ ಎಂಬ ಗುರುತುಗಳನ್ನಿಡುತ್ತಾರೆ. ಗುರುತಿನಿಂದ ಗುರುತಿನವರೆಗಿನ ತುಂಡನ್ನು ಉಪಕರಣವು ಬೇರೆಯಾಗಿ ರೂಪಣಕ್ಕೆ ಒಪ್ಪಿಸುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

‘ಕೆಂಗಲ್ಲಿನಲ್ಲಿ ಜಾತ್ರೆ ನಡೆಯುತ್ತದೆ’ ಎಂಬ ವಾಕ್ಯದಲ್ಲಿ ಊರಿನ ಹೆಸರನ್ನು ಮಾತ್ರ ದಪ್ಪಗೊಳಿಸಬೇಕೆಂದು ಇಟ್ಟುಕೊಳ್ಳೋಣ. ಪ್ರಕೃತಿಯು ‘ಕೆಂಗಲ್’ ಎಂದು ಲಕಾರದಲ್ಲಿ ನಿಲ್ಲುತ್ತದೆ. ಪ್ರತ್ಯಯಭಾಗವು ಸೇರುವಾಗ ಲಕಾರಕ್ಕೆ ದ್ವಿತ್ವ ಬಂದು ‘ಲ್ಲಿ’ ಎಂಬ ಒಂದೇ ಅಕ್ಷರವಾಗಿದೆ. ಪ್ರಕೃತಿ ಪ್ರತ್ಯಯಗಳ ಗಡಿಯು ಅಕ್ಷರದ ಒಡಲೊಳಗೇ ಬಿದ್ದಿದೆ. ಇಂಗ್ಲಿಷಿನ ಅಭ್ಯಾಸದಂತೆ ಗುರುತನ್ನು ‘ಕೆಂಗಲ್’ ಎಂಬುದರ ಕೊನೆಗೆ ಇಟ್ಟೊಡನೆ ಮೊದಲ ತುಂಡು ಹಲಂತದಲ್ಲಿ ಮುಗಿದು, ಎರಡನೆಯ ತುಂಡು ‘ಲಿ’ ಎಂದು ಹೊಸದಾಗಿ ಆರಂಭವಾಗಿ, ಪುಟದ ಮೇಲೆ ‘ಕೆಂಗಲ್‌ಲಿನಲ್ಲಿ’ ಎಂಬ ವಿಕೃತರೂಪವು ಕಾಣುತ್ತದೆ. ‘ಮಾಗಡಿಯಲ್ಲಿ’ ಎಂಬಲ್ಲಿ ಈ ಬಾಧೆಯಿಲ್ಲ. ಅಲ್ಲಿ ಗಡಿಯು ಅಕ್ಷರಗಳ ನಡುವೆ ಇದೆ. ಶೈಲಿಯ ಗಡಿಯು ಯಾವಾಗಲೂ ಅಕ್ಷರದ ಗಡಿಯಾಗಿರತಕ್ಕದ್ದು. ವ್ಯಾಕರಣದ ಗಡಿಯು ಅಕ್ಷರದೊಳಗೆ ಬಿದ್ದರೆ ಶೈಲಿಯನ್ನು ಇಡೀ ಅಕ್ಷರಕ್ಕೆ ಅಥವಾ ಇಡೀ ಪದಕ್ಕೆ ವಿಸ್ತರಿಸಬೇಕು.

ದಪ್ಪಕ್ಷರದ ವಿಷಯದಲ್ಲಿ ಇನ್ನೊಂದು ಮಾತು. ಫಾಂಟಿನಲ್ಲಿ ದಪ್ಪಕ್ಷರದ ಪ್ರತ್ಯೇಕ ಆಕೃತಿಗಳಿಲ್ಲದಿದ್ದರೆ ಕೆಲವು ಉಪಕರಣಗಳು ಸಾಮಾನ್ಯ ಆಕೃತಿಯ ಅಂಚಿಗೇ ಗೆರೆ ಬಳಿದು ಕೃತಕವಾಗಿ ಉಬ್ಬಿಸುತ್ತವೆ. ಕನ್ನಡದ ದುಂಡಕ್ಷರಗಳಲ್ಲಿ ಒಳಗಿನ ಖಾಲಿಸ್ಥಳವೇ ಭೇದಕ. ಅದು ತುಂಬಿಹೋದರೆ ‘ಪ’ ‘ಷ’ಗಳಿಗೂ ‘ಬ’ ‘ಭ’ಗಳಿಗೂ ಅಂತರವು ಅಳಿಸಿಹೋಗುವ ಭಯವುಂಟು. ಓರೆಯಕ್ಷರವಾದರೋ ನಮ್ಮ ಲಿಪಿಯ ಸಂಪ್ರದಾಯದಲ್ಲಿಲ್ಲ; ರೋಮನ್ ಲಿಪಿಯಿಂದ ಬಂದ ಆ ರೂಢಿಯನ್ನು ಬಿಟ್ಟು ಉದ್ಧರಣಚಿಹ್ನೆಯಿಂದಲೋ ಗಾತ್ರಭೇದದಿಂದಲೋ ಕೆಲಸವನ್ನು ಸಾಧಿಸುವುದು ಯುಕ್ತ.

೫. ಪಂಕ್ತಿಚ್ಛೇದ

ಪ್ರವಾಹದ ಮರ್ಮವು ಪಂಕ್ತಿಯನ್ನು ಎಲ್ಲಿ ಕಡಿಯಬೇಕೆಂಬುದರಲ್ಲಿದೆ. ನಮ್ಮ ಶಾಸನಗಳಲ್ಲಿಯೂ ತಾಳೆಯೋಲೆಗಳಲ್ಲಿಯೂ ಪದಗಳ ನಡುವೆ ತೆರಪು ಬಿಡುವ ವಾಡಿಕೆಯಿರಲಿಲ್ಲ. ಕಲ್ಲೋ ಗರಿಯೋ ಮುಗಿದಲ್ಲಿ ಲಿಪಿಕಾರನು ಪದದ ನಡುವೆಯಾದರೂ ನಿಲ್ಲಿಸಿ ಮುಂದಿನ ಪಂಕ್ತಿಗೆ ಹೋಗುತ್ತಿದ್ದನು. ಒಂದು ಅಕ್ಷರವನ್ನು ಮುಗಿಸಿಯೇ ಮುಂದಿನ ಪಂಕ್ತಿಗೆ ಹೋಗುವುದು ಅವನ ಸಹಜವಾದ ರೀತಿಯಾಗಿದ್ದಿತು. ಅಚ್ಚು ಬಂದ ಮೇಲೆ ಪದಗಳ ನಡುವಣ ತೆರಪೂ, ಪದವನ್ನು ಒಡೆದರೆ ಕೊನೆಗೊಂದು ಅಡ್ಡಗೆರೆಯೂ ಬಂದವು.

ಯೂನಿಕೋಡಿನ ಪಂಕ್ತಿಚ್ಛೇದದ ಸಾಮಾನ್ಯನಿಯಮವು ಕನ್ನಡದ ಪದವನ್ನು ತೆರಪಿನಲ್ಲಿ ಮಾತ್ರ ಕಡಿಯಲು ಅನುಮತಿಸುತ್ತದೆ. ಸಮಾಸವೂ ಸಂಧಿಯೂ ಹೇರಳವಾಗಿರುವ ನಮ್ಮ ಗದ್ಯದಲ್ಲಿ ಇದರಿಂದ ಅನರ್ಥವುಂಟಾಗುತ್ತದೆ. ಹನ್ನೆರಡು ಅಕ್ಷರಗಳ ಸಮಾಸವೊಂದು ಪಂಕ್ತಿಯಲ್ಲಿ ಹಿಡಿಸದೆ ಕೆಳಗಿಳಿದರೆ, ಎರಡೂ ಅಂಚುಗಳು ಸಮವಾಗಿರಬೇಕೆಂಬ ಪುಟದಲ್ಲಿ ಮೇಲಿನ ಪಂಕ್ತಿಯ ಪದಗಳು ಹಲ್ಲು ಬಿದ್ದ ಬಾಯಿಯಂತೆ ದೂರದೂರ ನಿಲ್ಲುತ್ತವೆ. ಆ ತೆರಪನ್ನು ಮುಚ್ಚಲು ಕೆಲವು ಉಪಕರಣಗಳು ಆಕೃತಿ ಆಕೃತಿಗಳ ನಡುವೆ ಜಾಗವನ್ನು ಹಂಚುವುದುಂಟು. ಒತ್ತು ತನ್ನ ಅಕ್ಷರದಿಂದ ಬೇರೆಯಾಗುವುದರಿಂದ ಇದು ಕನ್ನಡಕ್ಕೆ ಸರ್ವಥಾ ಹೊಂದದು.

ಆದುದರಿಂದ ಪದದೊಳಗೆ ಕಡಿಯುವ ನಿಯಮವು ಬೇಕೇಬೇಕು. ‘ಚನ್ನಪಟ್ಟಣ’ವನ್ನು ಚ, ನ್ನ, ಪ, ಟ್ಟ, ಣ ಎಂಬ ಅಕ್ಷರಗಳ ನಡುವೆ ಕಡಿಯಬಹುದು, ‘ಟ್’ ಎಂಬುದನ್ನು ಮೇಲಿಟ್ಟು ‘ಟ’ವನ್ನು ಕೆಳಗಿಡಬಾರದು. ಒಂದೇ ಅಕ್ಷರವನ್ನು ಪಂಕ್ತಿಯ ಕೊನೆಯಲ್ಲಾಗಲಿ ಮೊದಲಲ್ಲಾಗಲಿ ಒಂಟಿಯಾಗಿ ಬಿಡುವುದು ಶೋಭಿಸದು; ಆದುದರಿಂದ ‘ಚನ್ನ-ಪಟ್ಟಣ’ವೆಂಬ ಒಡಕು ಉತ್ತಮ. ‘ಕೆಂಗಲ್’ ಎಂಬುದು ಇನ್ನೂ ಸೂಕ್ಷ್ಮವಾದ ಉದಾಹರಣೆ. ಬರೆಹದ ಲೆಕ್ಕದಲ್ಲಿ ಅದರ ಅಕ್ಷರಗಳು ಮೂರು. ಛಂದಸ್ಸಿನ ಲೆಕ್ಕದಲ್ಲಿ ಕೆಂ, ಗಲ್ ಎಂದು ಎರಡೇ, ಎರಡೂ ಗುರುಗಳು. ಬರೆಹದ ಲೆಕ್ಕವನ್ನು ಮಾತ್ರ ನಂಬಿದರೆ ‘ಕೆಂಗ’ ಎಂದು ಮೇಲೆ ನಿಂತು ‘ಲ್’ ಎಂಬ ಸ್ವರಹೀನವಾದ ವರ್ಣವು ಮುಂದಿನ ಪಂಕ್ತಿಯ ಮೊದಲಿಗೆ ಬಂದೀತು. ಆದುದರಿಂದ ಬರೆಹದ ಅಕ್ಷರವನ್ನು ಒಡೆಯಬಾರದು, ಮತ್ತು ಹಲಂತವ್ಯಂಜನವನ್ನು ಅದರ ಹಿಂದಿನ ಸ್ವರದಿಂದ ಅಗಲಿಸಬಾರದು ಎಂಬ ಎರಡು ನಿಷೇಧಗಳನ್ನೂ ಕೂಡಿಯೇ ಪಾಲಿಸತಕ್ಕದ್ದು. ‘ಶ್ರೀ’ ಎಂಬುದನ್ನು ಮುಂದಿನ ಹೆಸರಿನಿಂದಲೂ, ಸಂಖ್ಯೆಯನ್ನು ಅದರ ಮಾನದಿಂದಲೂ, ದಂಡವನ್ನು ಅದು ಮುಗಿಸುವ ವಾಕ್ಯದಿಂದಲೂ ಬೇರ್ಪಡಿಸಬಾರದು; ಇದಕ್ಕಾಗಿ ಒಡೆಯದ ತೆರಪೆಂಬ ಪ್ರತ್ಯೇಕ ಸಂಕೇತವೇ ಇದೆ.

ಕಡಿಯಬಹುದಾದ ಸ್ಥಳಗಳು ಗೊತ್ತಾದ ಮೇಲೆ ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಬೇರೊಂದು ಪ್ರಶ್ನೆ. ಸಾಮಾನ್ಯ ಉಪಕರಣಗಳು ಒಂದೊಂದು ಪಂಕ್ತಿಯನ್ನೂ ಹಿಡಿಸುವಷ್ಟು ತುಂಬಿ, ಹಿಂದಿರುಗಿ ನೋಡದೆ ಮುಂದಕ್ಕೆ ಹೋಗುತ್ತವೆ. ಡೊನಾಲ್ಡ್ ಕ್ನೂತ್ ಮತ್ತು ಮೈಕೇಲ್ ಪ್ಲಾಸ್ ಎಂಬ ವಿದ್ವಾಂಸರು ೧೯೮೧ರಲ್ಲಿ ಪ್ರಕಟಿಸಿದ ವಿಧಾನವು ಇಡೀ ಪ್ಯಾರಾಗ್ರಾಫನ್ನು ಒಟ್ಟಿಗೆ ನೋಡುತ್ತದೆ. ಅದರಲ್ಲಿ ಅಕ್ಷರಗಳು ಪೆಟ್ಟಿಗೆಗಳು. ತೆರಪುಗಳು ಹಿಗ್ಗುವ ಕುಗ್ಗುವ ಅಂಟು. ಪದವನ್ನು ಒಡೆಯುವುದಕ್ಕೆ ಒಂದು ದಂಡ. ಒಟ್ಟು ದೋಷವು ಅತ್ಯಲ್ಪವಾಗುವ ಛೇದಗಳನ್ನು ಅದು ಹುಡುಕುತ್ತದೆ. ಮೊದಲನೆಯ ಪಂಕ್ತಿಯು ಸ್ವಲ್ಪ ಸಡಿಲವಾದರೂ ನಾಲ್ಕನೆಯದು ಕೆಡದಿರಲಿ ಎಂಬ ದೂರದೃಷ್ಟಿ ಅದಕ್ಕಿದೆ. ಕ್ನೂತರ ಟೆಕ್ ಎಂಬ ಮುದ್ರಣಪದ್ಧತಿಯಲ್ಲಿ ಇದು ನಡೆಯುತ್ತದೆ. ಆ ಪದ್ಧತಿಯಲ್ಲಿ ಕನ್ನಡದ ಪದಚ್ಛೇದನಿಯಮಗಳೂ ಈಗ ಸೇರಿವೆ. ನೀಳವಾದ ಪದಗಳುಳ್ಳ ಕನ್ನಡಕ್ಕೆ ಈ ವಿಧಾನದಿಂದಾಗುವ ಉಪಕಾರವು ಇಂಗ್ಲಿಷಿಗಿಂತ ಹೆಚ್ಚಿನದು.

೬. ವಿಭಕ್ತಿಯನ್ನು ಜೋಡಿಸುವ ಬಗೆ

ಪಟ್ಟಿಯಿಂದ ಹೆಸರನ್ನು ತೆಗೆದು ವಾಕ್ಯದಲ್ಲಿ ಸೇರಿಸುವ ಕ್ರಮವಿಧಿಯು ವ್ಯಾಕರಣದ ಸಹಾಯವಿಲ್ಲದೆ ನಡೆಯದು. ಐದು ಊರುಗಳ ಭಕ್ತರಿಗೆ ಸೇವಾಪತ್ರಗಳನ್ನು ಕಳುಹಿಸಬೇಕೆಂದು ಕಲ್ಪಿಸಿಕೊಳ್ಳೋಣ. ವಾಕ್ಯದ ಅಚ್ಚಿನಲ್ಲಿ ಊರಿಗೆ 'ಖಾಲಿ ಸ್ಥಳವನ್ನು ಬಿಟ್ಟು, ಅದರ ಮುಂದೆ ‘ನಲ್ಲಿ’ ಎಂದು ಬರೆದಿಟ್ಟರೆ ಏನಾಗುವುದು? ರಾಮನಗರ, ಚನ್ನಪಟ್ಟಣ, ಕನಕಪುರ ಎಂಬ ಅಕಾರಾಂತಗಳಿಗೆ ದಕಾರವು ಬರಬೇಕು: ರಾಮನಗರದಲ್ಲಿ. ಮಾಗಡಿಯೆಂಬ ಇಕಾರಾಂತಕ್ಕೆ ಯಕಾರವು ಬರಬೇಕು: ಮಾಗಡಿಯಲ್ಲಿ. ಕೆಂಗಲ್ ಎಂಬ ವ್ಯಂಜನಾಂತಕ್ಕೆ ದ್ವಿತ್ವದೊಡನೆ ‘ಇನ’ ಬರಬೇಕು: ಕೆಂಗಲ್ಲಿನಲ್ಲಿ. ಅಚ್ಚಿನ ವಾಕ್ಯದಿಂದಾದರೋ ‘ರಾಮನಗರನಲ್ಲಿ’, ‘ಮಾಗಡಿನಲ್ಲಿ’ ಎಂಬ ಅಪಶಬ್ದಗಳೂ, ಹಲಂತಕ್ಕೆ ನಕಾರವು ತಗುಲಿ ‘ಕೆಂಗಲ್ನಲ್ಲಿ’ ಎಂಬ ಓದಲಾರದ ಒತ್ತೂ ಹುಟ್ಟುತ್ತವೆ.

ಇದನ್ನು ತಪ್ಪಿಸಲು ಕೆಲವರು ಹೆಸರಿಗೂ ‘ನಲ್ಲಿ’ಗೂ ನಡುವೆ ತೆರಪು ಬಿಡುತ್ತಾರೆ. ಆಗ ಆ ತೆರಪಿನಲ್ಲಿಯೇ ಪಂಕ್ತಿಯು ಕಡಿದು, ಅನಾಥವಾದ ಪ್ರತ್ಯಯವು ಮುಂದಿನ ಪಂಕ್ತಿಯ ತಲೆಯಲ್ಲಿ ನಿಲ್ಲುವುದುಂಟು. ಸರಿಯಾದ ಉಪಾಯಗಳು ಮೂರು. ಪಟ್ಟಿಯಲ್ಲಿಯೇ ಹೆಸರಿನೊಡನೆ ಅದರ ಸಪ್ತಮೀರೂಪವನ್ನೂ ಬರೆದಿಡುವುದು ಒಂದು. ಪದದ ಕೊನೆಯ ಸಂಕೇತವನ್ನು ನೋಡಿ ರೂಪವನ್ನು ನಿರ್ಣಯಿಸುವ ಸಣ್ಣ ನಿಯಮಾವಳಿಯನ್ನು ಕ್ರಮವಿಧಿಗೆ ಕಲಿಸುವುದು ಇನ್ನೊಂದು. ಕೊನೆಯಲ್ಲಿ ೩೨೭೭ ಇದ್ದರೆ ವ್ಯಂಜನಾಂತವೆಂಬುದು ಯಂತ್ರಕ್ಕೂ ತಿಳಿಯುತ್ತದೆ. ವಿಭಕ್ತಿಯ ಅಗತ್ಯವೇ ಇಲ್ಲದಂತೆ ‘ಊರು: ಕೆಂಗಲ್’ ಎಂದು ವಾಕ್ಯವನ್ನು ರಚಿಸುವುದು ಮೂರನೆಯದು. ಅನ್ಯದೇಶ್ಯವಾದ ಹೆಸರುಗಳಲ್ಲಿ ಹಲಂತವನ್ನು ಮುಂದಿನ ವ್ಯಂಜನದೊಡನೆ ಬೆರೆಸದೆ ನಿಲ್ಲಿಸಬೇಕಾದರೆ ಅದಕ್ಕೆ ಕಣ್ಣಿಗೆ ಕಾಣದ ಅಯೋಜಕಚಿಹ್ನೆಯೊಂದು ಯೂನಿಕೋಡಿನಲ್ಲಿದೆ; ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗದಿರುವುದು ಅದರ ಬಲದಿಂದಲೇ. ಅದನ್ನು ಅನುಪಯುಕ್ತವೆಂದು ತಿಳಿದು ಅಳಿಸಿಹಾಕುವ ಕ್ರಮವಿಧಿಯು ಜನರ ಹೆಸರುಗಳನ್ನೇ ಬದಲಾಯಿಸುತ್ತದೆ.

೭. ಪುಟದಿಂದ ಪಾಠವನ್ನು ಮರಳಿ ಪಡೆಯುವುದು

ಕಣ್ಣಿಗೆ ಶುದ್ಧವಾಗಿ ಕಂಡಮಾತ್ರಕ್ಕೆ ಪತ್ರವು ಶುದ್ಧವಾಯಿತೆಂದು ಹೇಳಲಾಗದು. ಪುಟದಲ್ಲಿ ಇರುವುದು ಆಕೃತಿಗಳ ಸಂಖ್ಯೆಗಳು. ಅವುಗಳಿಂದ ಮೂಲಪಾಠವನ್ನು ಮರಳಿ ಪಡೆಯಲು ಯಾವ ಆಕೃತಿಗೆ ಯಾವ ಸಂಕೇತವೆಂಬ ಕೋಷ್ಟಕವನ್ನು ಫಾಂಟಿನೊಡನೆ ಸೇರಿಸಬೇಕು. ಯೂನಿಕೋಡಿಗೆ ಮುಂಚಿನ ಕಾಲದಲ್ಲಿ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ತುಂಬಿದ ಫಾಂಟುಗಳು ಬಳಕೆಯಲ್ಲಿದ್ದವು. ಆ ಕಾಲಕ್ಕೆ ಅದು ಅನಿವಾರ್ಯವಾದ ಉಪಾಯವೇ ಸರಿ. ಕನ್ನಡದ ಮುದ್ರಣವು ಅದರಿಂದ ಬಹಳ ದಿನ ನಡೆಯಿತು. ಆದರೆ ಅಂಥ ಪತ್ರದಿಂದ ಪಾಠವನ್ನು ತೆಗೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೇ ಬರುತ್ತದೆ.

ಯೂನಿಕೋಡಿನ ಪತ್ರದಲ್ಲಿಯೂ ಅರ್ಕಾವೊತ್ತಿನ ತೊಡಕು ಉಳಿದಿದೆ. ಆಕೃತಿಗಳನ್ನು ಪುಟದ ಮೇಲೆ ಇರುವ ಕ್ರಮದಲ್ಲಿ ಓದಿ ಸಂಕೇತಗಳಾಗಿ ಬದಲಾಯಿಸಿದಾಗ, ‘ನಾ’ ಎಂಬುದರ ಬಳಿಕ ರೇಫವು ಬಂದು, ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ, ‘ಅರ್ಕಾವತಿ’ಯು ‘ಅಕಾರ್ವತಿ’ಯಾಗುತ್ತದೆ. ಪಿಡಿಎಫ್ ಪತ್ರಗಳಿಂದ ಪಾಠವನ್ನು ನಕಲು ಮಾಡಿದವರೆಲ್ಲರೂ ಈ ರೂಪಗಳನ್ನು ಕಂಡಿರುತ್ತಾರೆ. ಅರ್ಕಾವತಿಯ ವಿಷಯವಾಗಿ ಸಾವಿರ ಪುಟಗಳಲ್ಲಿ ಹುಡುಕುವ ಸಂಶೋಧಕನಿಗೆ ಆ ಹೆಸರು ಒಮ್ಮೆಯೂ ದೊರೆಯದೆ ಹೋಗಬಹುದು. ಪುಟವನ್ನು ಧ್ವನಿಯಾಗಿ ಓದಿಸಿಕೊಳ್ಳುವ ಅಂಧರಿಗೆ ತಮ್ಮ ನಾಡಿನ ಹೆಸರೇ ತಿರುಚಿ ಕೇಳಿಸುವುದು. ಇದಕ್ಕೆ ಪರಿಹಾರವು ಪಿಡಿಎಫ್ ಮಾನಕದಲ್ಲಿಯೇ ಇದೆ. ಆಕೃತಿಗಳ ಒಂದು ಗುಂಪಿಗೆ ‘ಇದರ ನಿಜಪಾಠ ಇದು’ ಎಂದು ಮೂಲಸಂಕೇತಗಳನ್ನು ಅಂಟಿಸಿಡುವ ವ್ಯವಸ್ಥೆಗೆ ಆಕ್ಚುಯಲ್‌ಟೆಕ್ಸ್ಟ್ ಎಂದು ಹೆಸರು. ಕನ್ನಡದ ಪತ್ರಗಳನ್ನು ರಚಿಸುವ ಕ್ರಮವಿಧಿಯಲ್ಲಿ ಇದು ಕಡ್ಡಾಯವಾಗಿರತಕ್ಕದ್ದು.

ಇನ್ನೊಂದು ಸೂಕ್ಷ್ಮವಿದೆ. ಕನಕಪುರ ತಾಲ್ಲೂಕಿನ ‘ಕೋಡಿಹಳ್ಳಿ’ಯ ಓಕಾರಚಿಹ್ನೆಯನ್ನು ೩೨೭೫ ಎಂಬ ಒಂದೇ ಸಂಕೇತದಿಂದಲೂ ಬರೆಯಬಹುದು, ೩೨೭೦, ೩೨೬೬, ೩೨೮೫ ಎಂಬ ಮೂರು ಭಾಗಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಆದುದರಿಂದ ಪಾಠವನ್ನು ಪುಟಕ್ಕೆ ಹರಿಸುವುದಕ್ಕೆ ಮೊದಲು ಏಕರೂಪಕ್ಕೆ ತರಬೇಕು. ಅದಕ್ಕೆ ಯೂನಿಕೋಡಿನಲ್ಲಿ ನಿಶ್ಚಿತವಾದ ವಿಧಿಯಿದೆ.

೮. ಪೂರ್ವಪಕ್ಷ, ಸಮಾಧಾನ

‘ಇಷ್ಟೆಲ್ಲ ತೊಡಕೇಕೆ? ಕನ್ನಡದ ಪಾಠವನ್ನು ಒಂದು ಚಿತ್ರವಾಗಿ ಮಾಡಿ ಪುಟಕ್ಕೆ ಅಂಟಿಸಿದರೆ ಒತ್ತು ತಪ್ಪುವುದಿಲ್ಲ, ಫಾಂಟು ಬೇಡ’ ಎಂದು ಕೆಲವರು ಆಕ್ಷೇಪಿಸಬಹುದು. ಹಾಗೆ ಮಾಡುವವರೂ ಇದ್ದಾರೆ. ಇದಕ್ಕೆ ಸಮಾಧಾನವು ನಮ್ಮ ಮುದ್ರಣದ ಚರಿತ್ರೆಯಲ್ಲಿಯೇ ಇದೆ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ೧೮೧೭ರಲ್ಲಿಯೇ ಮೊಳೆಗಳಿಂದ ಅಚ್ಚಾಗಿದ್ದಿತು. ಆದರೂ ೧೮೪೩ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಬಂದಿತು. ಕಲ್ಲಚ್ಚಿನಲ್ಲಿ ಪುಟವಿಡೀ ಒಂದು ಚಿತ್ರ. ಕೈಬರೆಹದ ಅಂದವು ಅದರಲ್ಲಿ ಉಳಿಯುತ್ತದೆ. ಆದರೆ ಒಂದು ಅಕ್ಷರವನ್ನು ತಿದ್ದಬೇಕಾದರೆ ಕಲ್ಲಿನ ಮೇಲೇ ಕೈಯಾಡಿಸಬೇಕು, ಒಂದು ಪಂಕ್ತಿಯನ್ನು ಬೇರೆ ಪುಟಕ್ಕೆ ಸಾಗಿಸುವುದಂತೂ ಆಗದು. ಮೊಳೆಗಳಾದರೆ ಬಿಡಿಸಿ ಮತ್ತೆ ಜೋಡಿಸಬಹುದು. ಚಿತ್ರವಾಗಿ ಅಂಟಿಸಿದ ಪಾಠವು ಗಣಕದ ಕಲ್ಲಚ್ಚು. ಅದನ್ನು ಹುಡುಕಲಾಗದು, ಗಾತ್ರವನ್ನು ಹೆಚ್ಚಿಸಿ ಮತ್ತೆ ಹರಿಸಲಾಗದು, ಧ್ವನಿಯಾಗಿ ಓದಿಸಲಾಗದು.

‘ಓದುವವನಿಗೆ ತಿಳಿದರೆ ಸಾಕು, ಒತ್ತು ಅತ್ತಿತ್ತಲಾದರೆ ನಷ್ಟವೇನು?’ ಎಂಬುದು ಎರಡನೆಯ ಆಕ್ಷೇಪ. ೨೦೦೦ದ ಸುಮಾರಿನಿಂದ ಭೂಮಿ ಯೋಜನೆಯ ಮೂಲಕ ನಮ್ಮ ರೈತರ ಪಹಣಿಗಳು ಗಣಕದಿಂದಲೇ ಅಚ್ಚಾಗಿ ಬರುತ್ತಿವೆ. ಜಮೀನಿನ ಒಡೆತನವನ್ನು ಹೇಳುವ ಇಂಥ ಪತ್ರದಲ್ಲಿ ಹೆಸರಿನ ಒಂದು ಒತ್ತಕ್ಷರವು ವ್ಯತ್ಯಾಸವಾದರೆ, ಬೇರೊಂದು ಕಾಗದದ ಹೆಸರಿನೊಡನೆ ಅದು ಹೊಂದದೆ, ಹೆಸರಿನ ಒಡೆಯನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಓದುವವನಿಗೆ ತಿಳಿಯುವುದೂ ದಾಖಲೆಗೆ ಒಪ್ಪುವುದೂ ಒಂದೇ ಅಲ್ಲ.

೯. ಉಪಸಂಹಾರ

ಇದುವರೆಗೆ ಹೇಳಿದುದರ ಸಾರಾಂಶ ಇಷ್ಟು. ಪಾಠವನ್ನು ಮೊದಲು ಏಕರೂಪಕ್ಕೆ ತರಬೇಕು. ಕನ್ನಡದ ಫಾಂಟನ್ನು ಪತ್ರದಲ್ಲಿ ಸೇರಿಸಿ, ರೂಪಣವನ್ನು ಮಾಡುವ ಉಪಕರಣವನ್ನೇ ಬಳಸಬೇಕು. ಶೈಲಿಯ ಗುರುತುಗಳು ಅಕ್ಷರದ ಒಳಗೆ ಬೀಳಬಾರದು. ಪಂಕ್ತಿಯು ಅಕ್ಷರಗಳ ನಡುವೆ ಕಡಿಯಬೇಕು, ಹಲಂತವು ಒಂಟಿಯಾಗಬಾರದು. ವಿಭಕ್ತಿಗಳನ್ನು ವ್ಯಾಕರಣದಂತೆ ಸೇರಿಸಬೇಕು. ನಿಜಪಾಠವು ಆಕೃತಿಗಳೊಡನೆ ಪತ್ರದಲ್ಲಿ ಉಳಿಯಬೇಕು.

ಇವುಗಳಲ್ಲಿ ಯಾವುದನ್ನೂ ಯಂತ್ರಜ್ಞರು ಮಾತ್ರವೇ ನಿರ್ಣಯಿಸಲಾರರು, ಪಂಡಿತರು ಮಾತ್ರವೇ ನಡೆಸಲಾರರು. ೧೯೧೫ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಂದಿನಿಂದ ಕನ್ನಡದ ಲಿಪಿ ಕಾಗುಣಿತಗಳ ವಿಚಾರವು ವಿದ್ವತ್ಸಭೆಗಳಲ್ಲಿ ಚರ್ಚೆಗೆ ಬರುತ್ತಲೇ ಇದೆ. ಈ ವಿಷಯವೂ ಅದೇ ಪಂಕ್ತಿಗೆ ಸೇರಿದುದು. ಆದುದರಿಂದ ಕನ್ನಡದ ಸಂಸ್ಥೆಗಳು ಒಂದು ಪರೀಕ್ಷಾಪುಟವನ್ನು ಸಿದ್ಧಪಡಿಸಿ ಎಲ್ಲರಿಗೂ ದೊರೆಯುವಂತೆ ಮಾಡಬೇಕೆಂದು ವಿಜ್ಞಾಪಿಸುತ್ತೇನೆ. ಕೆಂಗಲ್ಲಿನಲ್ಲಿ, ಅರ್ಕಾವತಿ, ರೇಷ್ಮೆ, ಚನ್ನಪಟ್ಟಣ, ಕೋಡಿಹಳ್ಳಿ, ರಾಷ್ಟ್ರ, ಕರ್ನಾಟಕ ಎಂಬ ಏಳು ಪದಗಳಿದ್ದರೂ ಆರಂಭಕ್ಕೆ ಸಾಕು. ಪತ್ರವನ್ನು ರಚಿಸುವ ಯಾವ ಕ್ರಮವಿಧಿಯೇ ಆಗಲಿ, ಕಚೇರಿಯಲ್ಲಿ ಬಳಕೆಗೆ ಬರುವ ಮುಂಚೆ, ಈ ಪದಗಳನ್ನು ಕಿರಿದಾದ ಚೌಕಟ್ಟಿನಲ್ಲಿ ಎರಡು ಶೈಲಿಗಳಲ್ಲಿ ಹರಿಸಿ ತೋರಿಸಲಿ; ಅನಂತರ ಅದೇ ಪುಟದಿಂದ ಪಾಠವನ್ನು ಮರಳಿ ತೆಗೆದು ಮೂಲದೊಡನೆ ಹೋಲಿಸಲಿ. ಎರಡೂ ಒಂದೇ ಆದರೆ ಆ ಕ್ರಮವಿಧಿಯು ಕನ್ನಡವನ್ನು ಬಲ್ಲುದೆಂದು ಒಪ್ಪಬಹುದು. ಇಲ್ಲವಾದರೆ ಅದನ್ನು ತಿದ್ದುವವರೆಗೆ ಜನರ ಹೆಸರುಗಳನ್ನು ಅದರ ಕೈಗೆ ಒಪ್ಪಿಸುವುದು ಉಚಿತವಲ್ಲ.